ಊಟವಿಲ್ಲದ ದಿನಗಳ ಗುಳಿಗೆ

ನಿನ್ನೆ ಲಿಫ್ಟ್‌ನಲ್ಲಿ ಯಾರೋ ಹಚ್ಚಿಕೊಂಡ ನೋವಿನ ಮುಲಾಮಿನ ವಾಸನೆ ತುಂಬಿತ್ತು. ಒಳಗೆ ಕಾಲಿಡಲಾಗದೆ ಮೆಟ್ಟಿಲು ಹತ್ತಿದೆ. ಎದುರು ಮನೆಯ ಹಿರಿಯಾಕೆ, ಎಲ್ಲರೂ ಕಾಕು ಎನ್ನುತ್ತಿದ್ದವರು, ಇದ್ದಷ್ಟು ಕಾಲವೂ ಆ ಲಿಫ್ಟ್‌ಗೆ ಅದೇ ವಾಸನೆ...

ಅವರು ನನಗೆ ಇಷ್ಟವಾಗಿರಲಿಲ್ಲ. ಸತ್ತರೆಂದು ಈಗ ಇಷ್ಟವಾಗಿದ್ದರು ಎಂದು ಬರೆಯಲಾರೆ. ಧಾರವಾಡದ ಕಡೆಯವರು, ಗಣಿತ ಕಲಿಸಿ ನಿವೃತ್ತರಾದವರು. ಮರಾಠಿ, ಹಿಂದಿಯವರೇ ತುಂಬಿದ ಮನೀಶ್ ನಗರದ ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ. ಆ ಎರಡಕ್ಕೂ ಆಗುತ್ತಿರಲಿಲ್ಲ. ನನ್ನ ಚಪ್ಪಲಿ ಅವರ ಬಾಗಿಲಿಗೆ ಮುಖ ಮಾಡಿದ್ದರೆ ಕಾಲಿನಿಂದ ತಳ್ಳುತ್ತಿದ್ದರು. ನನ್ನ ಬೆಳ್ಳುಳ್ಳಿ ಒಗ್ಗರಣೆಗೆ ಅವರ ಕಿಟಕಿ ದಢಾರನೆ ಮುಚ್ಚುತ್ತಿತ್ತು.

ಮೊಣಕಾಲು ನೋವಿಗೆ ವೈದ್ಯರು ಊಟವಾದ ಮೇಲೆ ಒಂದು ಮಾತ್ರೆ ಬರೆದಿದ್ದರು. ಅದು ಹೊಟ್ಟೆಯಲ್ಲಿ ಹುಣ್ಣು ಮಾಡದಂತೆ, ಊಟಕ್ಕೆ ಮೊದಲು ಒಂದು ಕ್ಯಾಪ್ಸೂಲ್. ನವರಾತ್ರಿ ಬಂತು. ಕಾಕು ಉಪವಾಸ ಹಿಡಿದು ಹಾಲು, ಕರಿ ಚಹಾದಲ್ಲೇ ದಿನ ಕಳೆಯುವವರು. ಪೂಜೆಗೆ ನೆಲದ ಮೇಲೆ ಕೂರಬೇಕಲ್ಲ, ನೋವಿನ ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಜಗಳವಿದ್ದರೂ ಕುಂಕುಮಕ್ಕೆ ಕರೆದರು. ಮಣೆಯ ಪಕ್ಕದಲ್ಲಿ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ, ಒಂದನ್ನೂ ತೆಗೆಯದ ಕ್ಯಾಪ್ಸೂಲಿನ ಪಟ್ಟಿ ಕಂಡು, ಇದನ್ನೇಕೆ ತೆಗೆದುಕೊಂಡಿಲ್ಲ ಎಂದು ಕೇಳಿದೆ.

“ಊಟಕ್ಕ ಮುಂಚೆ ಅಂತ ಡಾಕ್ಟರ್ ಬರೋಬರ್ ಹೇಳ್ಯಾನ. ಊಟನ ಇಲ್ಲ, ಮುಂಚೆ ಎಲ್ಲಿಂದ ಬಂತು? ಕಾಲೇಜ್ ಕಲತಾಕಿ ನೀ, ಇಷ್ಟೂ ತಿಳಿಯಂಗಿಲ್ಲ?”

“ನೋವಿನ ಮಾತ್ರೆನೂ ಊಟದ ಮೇಲೆ ಅಂತಾನೇ ಅಲ್ವಾ ಇರೋದು? ಖಾಲಿ ಹೊಟ್ಟೆಗೆ ಹೇಗೆ ತಗೋತೀರಿ?”

“ನಿಮ್ಮ ಮೈಸೂರಿನವರ ಹೊಟ್ಟಿ ನಾಜೂಕ. ನಂದು ಜ್ವಾಳದ ರೊಟ್ಟಿ ಅರಗಿಸಿದ್ದು. ಕುಂಕುಮ ತೊಗೊ, ಜಲ್ದಿ ನಡಿ.”

ಹಬ್ಬ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಲಿಫ್ಟ್ ಬಾಗಿಲು ತೆರೆದರೆ ಕಾಕು ನೆಲದ ಮೇಲಿದ್ದರು. ನವರಾತ್ರಿಯ ಆ ದಿನದ ಬಣ್ಣವೆಂದು ಉಟ್ಟ ಹಳದಿ ಸೀರೆಯ ತುಂಬ ಕಾಫಿ ಚರಟದಂಥ ವಾಂತಿ. ಅದರ ಹುಳಿ ನಾತಕ್ಕೆ ಮುಲಾಮಿನ ವಾಸನೆ ಬೆರೆತಿತ್ತು... ಈಗಲೂ ಕಣ್ಣು ಮುಚ್ಚಿದರೆ ಆ ಬಾಗಿಲು ತೆರೆದುಕೊಳ್ಳುತ್ತದೆ.

ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು, ಬೆರಳುಗಳು ಮಂಜಿನಂತೆ ತಣ್ಣಗಿದ್ದವು. ವರ್ಧಾ ರಸ್ತೆಯ ಸಿಗ್ನಲ್ ಕೆಂಪಾಗಿಯೇ ನಿಂತಿತ್ತು. ಹೊಟ್ಟೆ ನೋಯಲಿಲ್ಲವೇ ಎಂದು ಕೇಳಿದೆ.

“ಎಲ್ಲಿ ನೋವು? ಗುಳಿಗಿ ತೊಗೊಂಡೀನಲ್ಲ. ಕಕ್ಕಸ ಕರ್ರಗ ಹೋಗತಿತ್ತು... ಚಹಾದ್ದ ಬಣ್ಣ ಅಂದ್ಕೊಂಡೆ.” ಕಣ್ಣು ಮುಚ್ಚಿಕೊಂಡೇ ಅಂದರು: “ನಿನ್ನ ಚಪ್ಪಲಿ ಇವತ್ತ ಮತ್ತ ನನ್ನ ಬಾಗಿಲಕ್ಕ ಮುಖ ಮಾಡ್ಯಾವ. ನೋಡೀನಿ.”

ಅವರು ಆಡಿದ ಕೊನೆಯ ಮಾತು ಅದು. ಆ ಕಪ್ಪು ಚಹಾದ್ದಲ್ಲ, ರಕ್ತ. ಕೆಲವು ದಿನಗಳಿಂದ ಹೊಟ್ಟೆಯ ಹುಣ್ಣು ಸೋರುತ್ತಿತ್ತು ಎಂದರು ಆಸ್ಪತ್ರೆಯವರು. ಉಂಡರೂ ಬಿಟ್ಟರೂ ಆ ಕ್ಯಾಪ್ಸೂಲ್ ಬೇಕಿತ್ತಂತೆ. ಉಣ್ಣದಿದ್ದರೆ ಆ ನೋವಿನ ಮಾತ್ರೆಯೇ ಬೇಡವಾಗಿತ್ತಂತೆ. ರಕ್ತ ಕೊಟ್ಟರು. ಸಂಜೆಯವರೆಗೂ ಉಳಿಯಲಿಲ್ಲ.

ನನಗೆ ಇನ್ನೂ ಸಿಟ್ಟಿದೆ. ನಿಮ್ಮ ಲೆಕ್ಕ ತಪ್ಪು ಕಾಕು ಎಂದು ತರಕಾರಿ ಹೆಚ್ಚುವಾಗಲೂ ಅವರೊಡನೆ ವಾದಿಸುತ್ತೇನೆ. ಅವರು ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ... ನಿನ್ನೆ ಮೆಟ್ಟಿಲು ಹತ್ತಿ ಬಂದು, ಚಪ್ಪಲಿಯನ್ನು ಬೇಕೆಂದೇ ಎದುರು ಬಾಗಿಲಿಗೆ ಮುಖ ಮಾಡಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹಾಗೇ ಇದ್ದವು.