ಗುಡುಗು ಮೇಡಂ ಹಿಡಿದ ತಣ್ಣನೆಯ ಫೋನುಗಳು

ನಮ್ಮ ಶಾಲೆಯ ಆಟದ ಮೇಡಂಗೆ ಮಕ್ಕಳು ಇಟ್ಟಿರುವ ಹೆಸರು ಗುಡುಗು. ಇಟ್ಟವರು ಯಾರೋ ತಿಳಿಯದು, ಆದರೆ ಅವರ ಕಿವಿ ಸರಿಯಾಗಿತ್ತು. ಮೇಡಂ ಮೈದಾನದ ಈ ತುದಿಯಲ್ಲಿ ನಿಂತು ಗದರಿದರೆ ಆ ತುದಿಯ ಗೇಟಿನಲ್ಲಿ ತೂಕಡಿಸುವ ಕಾವಲುಗಾರ ಎದ್ದು ನಿಂತು ಅಂಗಿ ಸರಿಮಾಡಿಕೊಳ್ಳುತ್ತಾನೆ. ಸ್ಟಾಫ್ ರೂಮಿನಲ್ಲಿ ಅವರ ಮೇಜು ನನ್ನ ಮೇಜಿಗೆ ಅಂಟಿಕೊಂಡೇ ಇದೆ. ನಾನು ಡ್ರಾಯಿಂಗ್ ಮೇಷ್ಟ್ರು, ಗಲಾಟೆ ಎಂದರೆ ಆಗದ ಮನುಷ್ಯ. ಇಷ್ಟು ವರ್ಷ ಅವರ ಪಕ್ಕ ಕೂತು ನನ್ನ ಎಡಗಿವಿ ಅವಧಿಗೆ ಮುಂಚೆಯೇ ನಿವೃತ್ತಿಯಾಗಿದೆ. ಆದರೂ ಅವರು ರಜೆ ಹಾಕಿದ ದಿನ ನನಗೆ ಆ ರೂಮಿನಲ್ಲಿ ಕೈಕಾಲು ಆಡುವುದಿಲ್ಲ.

ಹುಡುಗಿಯಾಗಿದ್ದಾಗ ಅವರು ಓಟಗಾರ್ತಿ. ದೊಡ್ಡ ಪಂದ್ಯಕ್ಕೆ ಆಯ್ಕೆಯಾಗುವ ಹೊತ್ತಿಗೆ ಮಂಡಿ ಕೈಕೊಟ್ಟಿತು. ಬೇರೆಯವರಾಗಿದ್ದರೆ ಆ ಮಂಡಿಯ ಕಥೆಯನ್ನೇ ಜೀವಮಾನವೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಇವರು ತರಬೇತಿ ಮುಗಿಸಿ ನೇರ ನಮ್ಮ ಶಾಲೆಗೆ ಬಂದರು, ತಾವು ಓಡದಿದ್ದರೇನಂತೆ, ಊರವರ ಮಕ್ಕಳನ್ನೆಲ್ಲ ಓಡಿಸಿದರಾಯಿತು ಎಂದು. ಗಂಡ ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ನಮ್ಮ ಮಕ್ಕಳ ಯೂನಿಫಾರಂ ಹೊಲಿಯುವವರೂ ಅವರೇ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಅವರು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಆ ಮನೆಯಲ್ಲಿ ಮಾತಿನ ಖಾತೆ ಪೂರ್ತಿಯಾಗಿ ಹೆಂಡತಿಯದು. ಒಬ್ಬಳೇ ಮಗಳು, ನಮ್ಮಲ್ಲೇ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಅವಳೂ ಅಮ್ಮನನ್ನು ಮೇಡಂ ಎಂದೇ ಕರೆಯಬೇಕು. ಹಾಗಂತ ಕಟ್ಟಪ್ಪಣೆ ಮಾಡಿದವರು ಅಮ್ಮನೇ.

ಮೇಡಂ ಕೈಗೆ ಸಿಗದೆ ತಪ್ಪಿಸಿಕೊಂಡದ್ದು ಊಟದ ಬಿಡುವು ಒಂದೇ. ಗಂಟೆ ಹೊಡೆದ ಕೂಡಲೇ ಮಕ್ಕಳು ಹೊರಗೇನೋ ಬರುತ್ತಿದ್ದರು. ಬಂದವರು ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತು ಕತ್ತು ಬಗ್ಗಿಸಿದರೆ ಮತ್ತೆ ಎತ್ತುತ್ತಿದ್ದುದು ಮುಂದಿನ ಗಂಟೆಗೇ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ತನ್ನಷ್ಟಕ್ಕೆ ಊಟದ ಡಬ್ಬಿಯಿಂದ ಬಾಯಿಗೆ ಹೋಗಿ ಬರುತ್ತಿತ್ತು. ಪಕ್ಕದಲ್ಲೇ ಕೂತವಳಿಗೆ ಮೆಸೇಜ್ ಕಳಿಸಿ, ಅವಳ ಉತ್ತರಕ್ಕೆ ಕಾಯುತ್ತಿದ್ದವರನ್ನು ನಾನೇ ಕಂಡಿದ್ದೇನೆ. ನನಗೇನೋ ಆ ನಿಶ್ಶಬ್ದ ಹಾಯಾಗಿತ್ತು, ಸುಳ್ಳೇಕೆ ಹೇಳಲಿ. ಮೇಡಂಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಒಂದು ದಿನ ಚೆಂಡೊಂದು ಉರುಳುತ್ತಾ ಆ ಸಾಲಿನ ಮುಂದೆಯೇ ಹೋಯಿತು. ಒಬ್ಬರಾದರೂ ಕಾಲು ಚಾಚಿ ತಡೆಯಲಿಲ್ಲ. ಮೇಡಂ ಆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಸೀದಾ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದರು.

"ಒಂದು ಟರ್ಮ್ ನನ್ನ ಕೈಗೆ ಕೊಟ್ಟು ನೋಡಿ ಸಾರ್. ಬಿಡುವಿನಲ್ಲಿ ಫೋನ್ ಇರ್ಬಾರ್ದು ಅಷ್ಟೇ. ಮಕ್ಕಳು ಮಕ್ಕಳ ಥರ ಆಗ್ದಿದ್ರೆ ನನ್ನನ್ನ ಕೇಳಿ."

ಸಂಜೆ ಮನೆಗೆ ಹೋಗುವಾಗ ಮಕ್ಕಳ ಹತ್ತಿರ ಫೋನು ಬೇಕೇ ಬೇಕು ಎಂಬುದು ತಂದೆತಾಯಿಯರ ಹಟ. ಹಾಗಾಗಿ ಒಂದು ದಾರಿ ಹುಡುಕಿದರು. ಟೈಲರ್ ಯಜಮಾನರು ಯೂನಿಫಾರಂ ಬಟ್ಟೆಯ ಉಳಿಕೆಯಿಂದ ಕ್ಲಾಸಿಗೊಂದರಂತೆ ಉದ್ದನೆಯ ಪರದೆ ಹೊಲಿದರು, ಅದರ ತುಂಬ ಜೇಬು. ಬೆಳಿಗ್ಗೆ ಸ್ವಿಚ್ ಆಫ್ ಮಾಡಿದ ಫೋನನ್ನು ಮೇಡಂ ಕೈಗೆ ಕೊಡುವುದು, ಅವರು ಅದನ್ನು ಜೇಬಿಗೆ ಇಳಿಸುವುದು, ಸಂಜೆ ವಾಪಸ್ಸು. ಮೊದಲ ವಾರ ಬಿಡುವಿನಲ್ಲಿ ಮಕ್ಕಳಿಗೆ ಕೈಯನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ. ಆಮೇಲೆ ಶುರುವಾಯಿತು ನೋಡಿ, ಜಗಳ, ನಗು, ಹಾಡು, ಚೆಂಡು ಬಡಿದು ಕಿಟಕಿಯ ಗಾಜು ಚೂರು. ಮೇಡಂ ಮೈದಾನದ ಮಧ್ಯೆ ಸೊಂಟದ ಮೇಲೆ ಕೈಯಿಟ್ಟು ನಿಂತು ಬೀಗುತ್ತಿದ್ದರು. ನಾನು ಕಿವಿಗಿಟ್ಟುಕೊಳ್ಳಲು ಹತ್ತಿ ಹುಡುಕುತ್ತಿದ್ದೆ.

ಆದರೆ ಹದಿನಾಲ್ಕು ಹದಿನೈದರ ಮಕ್ಕಳು ಸುಮ್ಮನೆ ಸೋಲುವ ಜಾತಿಯೇ? ಮನೆಯ ಅಟ್ಟದಲ್ಲಿ, ಡ್ರಾಯರಿನ ಮೂಲೆಯಲ್ಲಿ ಸತ್ತು ಬಿದ್ದಿದ್ದ ಹಳೆಯ ಫೋನುಗಳನ್ನು ಹುಡುಕಿ ತಂದು ಮೇಡಂ ಕೈಗೆ ಕೊಟ್ಟರು. ನಿಜವಾದ ಫೋನು ಕಾಲುಚೀಲದೊಳಗೆ ಇಳಿಯಿತು. ಬೆಳಗಿನ ಸಾಲು ಉದ್ದ, ಹೊತ್ತು ಕಡಿಮೆ, ಒಂದೊಂದನ್ನೂ ಆನ್ ಮಾಡಿಸಿ ನೋಡಲು ಎಲ್ಲಿ ಸಾಧ್ಯ? ಕೆಲವು ದಿನ ಆಟ ನಡೆಯಿತು. ಒಂದು ಸೋಮವಾರ ಮೇಡಂ ಸಾಲಿನಲ್ಲಿ ಬಂದ ಫೋನುಗಳನ್ನು ಅಂಗೈಯಲ್ಲಿ ಹಿಡಿದು, ಕೆಲವನ್ನು ಜೇಬಿಗೆ ಇಳಿಸಿ, ಕೆಲವರಿಗೆ ಮಾತ್ರ "ಕಾಲುಚೀಲ ಕೆಳಗಿಳಿಸು" ಎಂದರು. ಗುರಿ ಒಂದೂ ತಪ್ಪಲಿಲ್ಲ. ಮಕ್ಕಳ ಮುಖ ಪೆಚ್ಚಾಯಿತು.

"ಅದು ಹೇಗೆ ಮೇಡಂ?" ಎಂದು ಕೇಳಿದೆ.

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. ಅವರು ದನಿ ತಗ್ಗಿಸುವುದನ್ನು ನಾನು ಕಂಡದ್ದು ಅದೇ ಮೊದಲು. "ಶಾಲೆಗೆ ಬರೋವರೆಗೂ ಆಡಿಸ್ಕೊಂಡು ಬಂದ ಫೋನು ಬೆಚ್ಚಗಿರುತ್ತೆ ಸಾರ್. ಸತ್ತದ್ದು ಬ್ಯಾಗಿನ ತಳದಿಂದ ಬರುತ್ತೆ, ತಣ್ಣಗಿರುತ್ತೆ. ಕೈಗೆ ಗೊತ್ತಾಗುತ್ತೆ. ನಿಮಗೂ ಮನೇಲೂ ಬಿಟ್ರೆ ಇನ್ಯಾರಿಗೂ ಹೇಳಿಲ್ಲ."

ಅವರಿಗೆ ಹೆಮ್ಮೆಯೋ ಹೆಮ್ಮೆ. ನನಗೂ ಮೆಚ್ಚುಗೆಯಾಯಿತು.

ಆ ವಾರದಿಂದಲೇ ಮೇಡಂ ಮಗಳು ಬಿಡುವಿನಲ್ಲಿ ನನ್ನ ಡ್ರಾಯಿಂಗ್ ರೂಮಿಗೆ ಬರತೊಡಗಿದಳು. "ಬ್ರಷ್ ತೊಳೆದು ಕೊಡ್ಲಾ ಸಾರ್?" ಎಂದಳು. ನಾನು ಬೇಡವೆನ್ನಲಿಲ್ಲ. ನನ್ನ ಬ್ರಷ್‌ಗಳು ಅಂಗಡಿಯಿಂದ ತಂದ ದಿನವೂ ಅಷ್ಟು ಸ್ವಚ್ಛವಾಗಿರಲಿಲ್ಲ. ಎಂಥ ಒಳ್ಳೆಯ ಹುಡುಗಿ ಎಂದುಕೊಂಡು ಸುಖವಾಗಿದ್ದೆ. ತೊಳೆದ ಬ್ರಷ್‌ಗಳನ್ನೇ ಅವಳು ಮತ್ತೆ ತೊಳೆಯುವುದನ್ನು ನೋಡಿದಾಗ ನನ್ನ ಮಂದಬುದ್ಧಿಗೆ ಹೊಳೆಯಿತು. ಇವಳಿಗೆ ಮೂವರು ಗೆಳತಿಯರಿದ್ದರಲ್ಲ? ಹಿಂದಿನ ಮೆಟ್ಟಿಲ ಮೇಲೆ ಒಂದೇ ಫೋನಿನ ಸುತ್ತ ನಾಲ್ಕು ತಲೆ ಸೇರಿಸಿ ಕೂರುತ್ತಿದ್ದವರು?

"ಮೆಟ್ಟಿಲ ಹತ್ರ ಹೋಗಲ್ವೇನಮ್ಮ ಈಗ?"

ಅವಳು ನಲ್ಲಿ ನಿಲ್ಲಿಸಲಿಲ್ಲ. "ನಾನು ಹೋದ್ರೆ ಮಾತು ನಿಲ್ಲುತ್ತೆ ಸಾರ್. ಯಾರ್ಯಾರದ್ದು ಡಮ್ಮಿ ಫೋನ್ ಅಂತ ನಾನೇ ಅಮ್ಮಂಗೆ ಹೇಳಿದ್ದು ಅಂತಾರೆ. ನನಗೆ ಪತ್ತೇದಾರಿ ಅಂತ ಹೆಸರಿಟ್ಟಿದ್ದಾರೆ. ಅಪ್ಪನಿಗೆ ಹೇಳಿದೀನಿ, ಈ ಟರ್ಮ್ ಮುಗೀಲಿ, ಬೇರೆ ಶಾಲೆಗೆ ಹಾಕು ಅಂತ. ಅಪ್ಪ ಹೋಗಿ ವಿಚಾರಿಸ್ಕೊಂಡೂ ಬಂದ್ರು. ಅಮ್ಮಂಗೆ ಹೇಳ್ಬೇಡಿ ಸಾರ್, ದಮ್ಮಯ್ಯ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸಂಜೆಯವರೆಗೂ ಉಳಿಸಿಕೊಂಡೆ. ಆಮೇಲೆ ಮೇಡಂ ಪರದೆಯ ಜೇಬುಗಳನ್ನು ಸವರುತ್ತಾ, "ಎಷ್ಟು ಖುಷಿಯಾಗಿದ್ದಾವೆ ನೋಡಿ ಸಾರ್ ಮಕ್ಕಳು" ಎಂದದ್ದೇ ತಡ, ನನಗೆ ರೇಗಿ ಎಲ್ಲವನ್ನೂ ಒದರಿಬಿಟ್ಟೆ.

ಮೇಡಂ ಕುರ್ಚಿಯಲ್ಲಿ ಕುಸಿದರು. ಇಡೀ ಮೈದಾನದಲ್ಲಿ ಯಾವ ಮೂಲೆಯಲ್ಲಿ ಯಾರು ಕೂತಿದ್ದಾರೆಂದು ಕಣ್ಣು ಮುಚ್ಚಿ ಹೇಳುವ ಹೆಂಗಸು, ತನ್ನ ಮಗಳು ಅಲ್ಲಿಲ್ಲ ಎಂಬುದನ್ನು ಗಮನಿಸಿರಲಿಲ್ಲ. ಅವರ ಕಣ್ಣು ತುಂಬಿತು. ಆದರೆ ಅಳುತ್ತಾ ಕೂರುವುದು ಅವರಿಗೆ ಬರುವುದಿಲ್ಲ. ಮರುದಿನವೇ ಆ ಮೂವರು ಹುಡುಗಿಯರನ್ನು ಕರೆಸಿ, ನನ್ನ ಮಗಳು ಏನೂ ಹೇಳಿಲ್ಲ, ಅವಳನ್ನು ಸೇರಿಸಿಕೊಳ್ಳಿ ಎಂದು ಜೋರು ಮಾಡಿದರು. ಹೇಗಿದೆ ನೋಡಿ ಬುದ್ಧಿ! ಹುಡುಗಿಯರು ತಲೆ ತಗ್ಗಿಸಿ "ಸರಿ ಮೇಡಂ" ಎಂದರು, ಹೊರಗೆ ಹೋಗಿ "ಅದನ್ನೂ ಹೇಳಿದಾಳೆ ಕಣ್ರೇ" ಎಂದರು.

ಅಂದು ಮಧ್ಯಾಹ್ನ ಮಗಳು ನೇರ ಸ್ಟಾಫ್ ರೂಮಿಗೇ ಬಂದಳು. ನಾನು ಪೇಪರಿನ ಹಿಂದೆ ಅಡಗಿದೆ.

"ಅಮ್ಮಾ," ಎಂದಳು. ಶಾಲೆಯೊಳಗೆ ಅವಳು ಹಾಗೆ ಕರೆದದ್ದು ಮೊದಲ ಸಲ. "ನೀನು ಯಾಕೆ ಅವರನ್ನ ಬೈದೆ?"

"ಇಲ್ಲ ಕಣೇ, ನಾಳೆ ಪ್ರಾರ್ಥನೆ ಹೊತ್ತಲ್ಲಿ ಎಲ್ಲರ ಮುಂದೆ ನಾನೇ ಹೇಳ್ತೀನಿ, ನಾನು ಹೇಗೆ ಹಿಡಿದೆ ಅಂತ..."

"ಬೇಡ. ನೀನು ಏನೂ ಮಾಡ್ಬೇಡ. ನಿನಗೆ ಕೈ ಮುಗೀತೀನಿ, ಸುಮ್ನಿರು. ಎಲ್ಲದಕ್ಕೂ ನೀನೇ ಬಂದ್ರೆ ನಾನೆಲ್ಲಿಗೆ ಹೋಗ್ಲಿ?"

ಸುಮ್ಮನಿರುವುದೊಂದು ಬಿಟ್ಟು ಬೇರೆ ಏನನ್ನು ಕೇಳಿದ್ದರೂ ಮೇಡಂ ಕ್ಷಣದಲ್ಲಿ ಮಾಡಿ ಮುಗಿಸುತ್ತಿದ್ದರು. ಆದರೂ ಮಾತು ಉಳಿಸಿಕೊಂಡರು. ಆಮೇಲಿನ ದಿನಗಳಲ್ಲಿ ಅವರನ್ನು ನೋಡುವುದೇ ಒಂದು ಕಷ್ಟ. ತುಟಿ ಕಚ್ಚುವರು, ಏಳುವರು, ಕೂರುವರು, ನನ್ನ ಪೆನ್ಸಿಲ್‌ಗಳನ್ನೆಲ್ಲ ಕೆತ್ತಿ ಕೆತ್ತಿ ಹೆಬ್ಬೆರಳಷ್ಟು ಮಾಡಿಟ್ಟರು. ಡ್ರಾಯಿಂಗ್ ರೂಮಿನಲ್ಲಿ ನಲ್ಲಿ ಹರಿಯುವ ಸದ್ದು ಕೇಳಿದರೆ ಅವರ ಮುಖ ಬಾಡುತ್ತಿತ್ತು. ಟರ್ಮ್ ಮುಗಿಯುವುದಕ್ಕೆ ಬಹಳ ದಿನ ಉಳಿದಿರಲಿಲ್ಲ.

ಒಂದು ದಿನ ಹುಡುಗಿ ಬ್ರಷ್‌ಗಳನ್ನು ಅರ್ಧಕ್ಕೇ ಬಿಟ್ಟಳು. ಕೈ ಒರೆಸಿಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, "ಬರ್ತೀನಿ ಸಾರ್" ಎಂದು ಹಿಂದಿನ ಮೆಟ್ಟಿಲ ಕಡೆ ನಡೆದಳು. ಅಲ್ಲಿ ಏನು ನಡೆಯಿತೆಂದು ನಾನು ಇಣುಕಲಿಲ್ಲ. ಇಣುಕಬೇಕೆಂದು ಜೀವ ಹಾತೊರೆಯುತ್ತಿತ್ತು, ಅದು ಬೇರೆ ಮಾತು.

ಮರುದಿನ ಬೆಳಿಗ್ಗೆ ಫೋನ್ ಸಾಲಿನಲ್ಲಿ ಮೇಡಂ ಜೊತೆ ಪರದೆ ಹಿಡಿದುಕೊಳ್ಳುವ ಪಾಳಿ ನನ್ನದು. ಒಂಬತ್ತನೇ ಕ್ಲಾಸಿನ ಹುಡುಗಿಯರು ಬಂದರು. ಮೊದಲ ಫೋನು ಕೈಗೆ ಬಂದದ್ದೇ ಮೇಡಂ ಹುಬ್ಬು ಮೇಲೇರಿತು. ಎರಡನೆಯದನ್ನು ಹಿಡಿದು ಮೂಗಿನ ಹತ್ತಿರ ತಂದರು. ಮೂರನೆಯದನ್ನು ನನಗೆ ದಾಟಿಸಿದರು. ಆ ಫೋನು ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು. ಅದರ ಅಂಚಿನಲ್ಲಿ ಹಳದಿ ಸಾರಿನ ಕಲೆ, ಮೈಯೆಲ್ಲ ಒಗ್ಗರಣೆಯ ವಾಸನೆ. ಸತ್ತ ಫೋನುಗಳನ್ನು ಬಿಸಿ ಊಟದ ಡಬ್ಬಿಗೆ ಅಂಟಿಸಿ ಬೆಚ್ಚಗೆ ಮಾಡಿಕೊಂಡು ತಂದಿದ್ದರು!

ಮೇಡಂ ನನ್ನ ಮುಖ ನೋಡಿದರು. ನಾನು ತಲೆಯಲ್ಲಾಡಿಸಿದೆ, ನಾನಂತೂ ಯಾರಿಗೂ ಹೇಳಿಲ್ಲ ಎಂಬಂತೆ. ಮೇಡಂ ಮೆಲ್ಲನೆ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಮೂವರು ಗೆಳತಿಯರ ನಡುವೆ, ಹೆಗಲಿಗೆ ಹೆಗಲು ತಾಗಿಸಿ ಮಗಳು ನಿಂತಿದ್ದಳು. ಅವಳ ಕತ್ತು ನೇರವಾಗಿತ್ತು, ಕಿವಿ ಮಾತ್ರ ಕೆಂಪಾಗಿತ್ತು.

ಇಷ್ಟು ವರ್ಷದಲ್ಲಿ ಮಕ್ಕಳು ತಮ್ಮ ಕಣ್ಣಿಗೆ ಮಣ್ಣೆರಚುವುದನ್ನು ಕಂಡೂ ಮೇಡಂ ಬಿಟ್ಟವರಲ್ಲ. ಅವರು ಆ ಬಿಸಿ ಫೋನನ್ನು ನನ್ನ ಕೈಯಿಂದ ವಾಪಸ್ಸು ತೆಗೆದುಕೊಂಡರು.

"ಹ್ಞೂಂ, ಸರಿಯಾಗಿದೆ," ಎಂದು ಅದನ್ನು ಜೇಬಿಗೆ ಇಳಿಸಿದರು. "ಮುಂದೆ ಬಾ. ನಿನ್ನದು? ಸರಿ. ಬೇಗ ಬೇಗ, ನಿದ್ದೆ ಮಾಡ್ತಿದೀರಾ?"

ಮಗಳ ಫೋನನ್ನೂ ಹಾಗೆಯೇ ತೆಗೆದುಕೊಂಡರು. "ಥ್ಯಾಂಕ್ಸ್ ಮೇಡಂ" ಎಂದಳು ಅವಳು, ನೆಲ ನೋಡುತ್ತಾ.

ಊಟದ ಬಿಡುವಾಯಿತು. ನಲ್ಲಿಯ ಹತ್ತಿರ ಕೊಳಕು ಬ್ರಷ್‌ಗಳು ಬಿದ್ದಿದ್ದವು, ನಾನೇ ತೊಳೆಯುತ್ತಿದ್ದೆ. ಮೇಡಂ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು ಕಿಟಕಿಯ ಪಕ್ಕ ಗೋಡೆಗೆ ಅಂಟಿ ನಿಂತರು. ಆ ಕಿಟಕಿಗೆ ಹಿಂದಿನ ಮೆಟ್ಟಿಲು ಕಾಣುತ್ತದೆ. ನಾನೂ ಕೈ ಒರೆಸಿಕೊಂಡು ಹೋಗಿ ನಿಂತೆ.

ಮೆಟ್ಟಿಲ ತುಂಬ ಹುಡುಗಿಯರು. ಕಾಲುಚೀಲಗಳು ಚಚ್ಚೌಕವಾಗಿ ಉಬ್ಬಿದ್ದವು, ಆದರೆ ಒಂದು ಫೋನೂ ಹೊರಗೆ ಬಂದಿರಲಿಲ್ಲ. ಬರಲು ಪುರುಸೊತ್ತೆಲ್ಲಿ? ಮಧ್ಯದಲ್ಲಿ ಮೇಡಂ ಮಗಳು ನಿಂತಿದ್ದಳು. ಯಾರದೋ ಊಟದ ಡಬ್ಬಿಯನ್ನು ಅಂಗೈ ಮೇಲಿಟ್ಟು ತೂಗಿ, ತುಟಿಯನ್ನು ಒಂದು ಬದಿಗೆ ತಳ್ಳಿ, ಗಲ್ಲ ಎತ್ತಿ, "ಹ್ಞೂಂ, ಸರಿಯಾಗಿದೆ. ಮುಂದೆ ಬಾ" ಎಂದಳು. ದನಿ, ಗತ್ತು, ಮೂತಿ, ಎಲ್ಲ ಎರಕ ಹೊಯ್ದಂತಿತ್ತು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. "ಇನ್ನೊಂದ್ಸಲ ಮಾಡೇ, ಇನ್ನೊಂದ್ಸಲ!" ಎಂದು ಅವಳ ಕೈ ಹಿಡಿದು ಜಗ್ಗುತ್ತಿದ್ದರು.

"ನಾನು ಹಂಗೇ ಮೂತಿ ಮಾಡ್ತೀನಾ ಸಾರ್?" ಎಂದರು ಮೇಡಂ ಪಿಸುಮಾತಿನಲ್ಲಿ.

"ಥೇಟು."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಾ ನಗುತ್ತಾ ಕಣ್ಣನ್ನೂ ಒರೆಸಿಕೊಂಡರು. ನನಗೂ ಏನೋ ಸಂತೋಷ, ಹೊರಗಿನ ಗದ್ದಲ ಅಂದು ಅಷ್ಟು ಕೆಟ್ಟದೆನಿಸಲಿಲ್ಲ.

"ಅಂದಹಾಗೆ ಆ ಬೇರೆ ಶಾಲೆ ವಿಷಯ?" ಎಂದೆ.

"ಬೆಳಿಗ್ಗೆ ಅವರಪ್ಪ ಎತ್ತಿದ್ರು. ಯಾವ ಶಾಲೆ ಅಪ್ಪ ಅಂದ್ಲು."

ಮೇಡಂ ಸೀರೆ ಸರಿಮಾಡಿಕೊಂಡು ನೆಟ್ಟಗೆ ನಿಂತರು. ದನಿಗೆ ಹಳೆಯ ಖದರು ಮರಳಿತ್ತು. "ಹಾಗಂತ ಈ ಕತ್ತೆಗಳನ್ನ ಹೀಗೇ ಬಿಡೋಕಾಗುತ್ತಾ? ನಾಳೆಯಿಂದ ಬೇರೆ ಉಪಾಯ ಹುಡುಕ್ಬೇಕು."

"ಹುಡುಕಿ. ಆದರೆ ಈ ಸಲ ಮನೇಲಿ ಬಾಯಿ ಬಿಡ್ಬೇಡಿ ಮೇಡಂ."

ಅವರು ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವಂತೆ ನೋಡಿದರು.

"ಬಿಡದೆ ಇರ್ತೀನಾ ಸಾರ್? ಮೊದಲು ಹೇಳೋದೇ ಅವಳಿಗೆ."