ಮೂರು ಸಲ ಬ್ಯಾಡ

ಗಂಗಾಶ್ರೀ ಮೇಡಂ ಅವರ ಯೋಗ ಕ್ಲಾಸಿಗೆ ನಾನು ಸೇರಿದ್ದು ಆರೋಗ್ಯಕ್ಕಾಗಿ ಅಲ್ಲ. ನಾನು ವಿಮಾ ಏಜೆಂಟ್. ಶಿಕಾರಿಪುರದ ಇಪ್ಪತ್ತೈದು ಜನ ಉಳ್ಳವರು ದಿನಾ ಬೆಳಿಗ್ಗೆ ಆರಕ್ಕೆ ತಮ್ಮ ಆಯುಷ್ಯದ ಚಿಂತೆ ಹೊತ್ತು ಒಂದೇ ಸೂರಿನಡಿ ಸೇರುತ್ತಾರೆ ಎಂದು ಗೊತ್ತಾದ ಮೇಲೆ ನನ್ನಂಥವನಿಗೆ ನಿದ್ದೆ ಹತ್ತುವುದು ಹೇಗೆ? ಹೊಟ್ಟೆ ಕರಗಿದರೆ ಅದು ಮೇಲಿನ ಲಾಭ ಎಂದುಕೊಂಡಿದ್ದೆ. ಎರಡು ವರ್ಷವಾಯಿತು. ಆರು ಪಾಲಿಸಿ ಆದವು, ಹೊಟ್ಟೆ ಇದ್ದಲ್ಲೇ ಇದೆ.

ಈ ಯೋಗದವರು, ಜಿಮ್ಮಿನವರು ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಒಬ್ಬ ಬಂದು ಡಬ್ಬದ ಪುಡಿ ಮಾರುತ್ತಾನೆ, ಇನ್ನೊಬ್ಬ ಸೋರೆಕಾಯಿ ರಸ ಕುಡಿದರೆ ಎಲ್ಲ ರೋಗವೂ ಹೋಗುತ್ತದೆ ಎನ್ನುತ್ತಾನೆ. ಮತ್ತೊಬ್ಬ ನಮ್ಮ ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಎಸೆಯಿರಿ ಎಂದು ಭಾಷಣ ಮಾಡಿ, ತಾನು ಮಾತ್ರ ಗುಟ್ಟಾಗಿ ಬಿಪಿ ಗುಳಿಗೆ ನುಂಗುತ್ತಾನೆ. ಗಂಗಾಶ್ರೀ ಹಾಗಿರಲಿಲ್ಲ. ಪುಡಿ ಮಾರಲಿಲ್ಲ, ಭಾಷಣ ಮಾಡಲಿಲ್ಲ. ಆಕೆಯದು ಒಂದೇ ಒಂದು ವಿಚಿತ್ರ ಅಭ್ಯಾಸ. ನಮ್ಮ ಬೆನ್ನು ನೆಟ್ಟಗೆ ಮಾಡಲು, ಭುಜ ಸರಿಪಡಿಸಲು ಹತ್ತಿರ ಬಂದಾಗಲೆಲ್ಲ "ಮುಟ್ಲಾ?" ಎಂದು ಕೇಳುವುದು. ಎರಡು ವರ್ಷದಿಂದ ಬರುತ್ತಿರುವವರನ್ನೂ ಪ್ರತಿ ಸಲ ಕೇಳಬೇಕು. ಬೇಡ ಎಂದರೆ ಮುಗಿಯಿತು, ಮರುಮಾತಿಲ್ಲದೆ ಮುಂದಿನ ಚಾಪೆಗೆ ಹೋಗುವರು. ಮೂವತ್ತು ವರ್ಷ ನನ್ನ ಅಂಗಿ ಹೊಲಿದ ಟೈಲರ್ ಕೂಡ ಇಷ್ಟು ಮರ್ಯಾದೆಯಿಂದ ನನ್ನ ಭುಜ ಮುಟ್ಟಿದವನಲ್ಲ.

ಒಮ್ಮೆ ತಮಾಷೆಗೆ ಕಾರಣ ಕೇಳಿದೆ. ತಮಾಷೆಗೆ ಕೇಳಬಾರದಾಗಿತ್ತು. ಮೇಡಂ ಸೊರಬದ ಕಡೆಯವರು. ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದರು, ಜಿಲ್ಲೆಯ ತಂಡಕ್ಕೂ ಆಯ್ಕೆಯಾಗಿದ್ದರು. ಒಂದು ಪಂದ್ಯದ ದಿನ ಮೊಣಕಾಲು ಊದಿತ್ತು. "ಬೇಡ ಸರ್, ಆಗಲ್ಲ" ಎಂದರಂತೆ. ತಂಡದ ಕೋಚು ಕಾಲಿಗೆ ಟೇಪು ಸುತ್ತಿ, ಬೆನ್ನು ತಟ್ಟಿ, ಅಂಗಣಕ್ಕೆ ತಳ್ಳಿದ. ಹತ್ತು ನಿಮಿಷದಲ್ಲಿ ಮೊಣಕಾಲಿನೊಳಗೆ ಏನೋ ಹರಿಯಿತು. ಆಟ ಅಲ್ಲಿಗೇ ಮುಗಿಯಿತು. ಮುಂದೆ ಶಿವಮೊಗ್ಗದಲ್ಲಿ ಯೋಗ ಕಲಿತು, ಒಂದು ಜಿಮ್ಮಿನಲ್ಲಿ ಹೆಂಗಸರಿಗೆ ಟ್ರೇನರ್ ಆಗಿದ್ದು, ಕೊನೆಗೆ ತಾಯಿ ಸತ್ಯವತಿಯವರನ್ನು ಕರೆದುಕೊಂಡು ಶಿಕಾರಿಪುರಕ್ಕೆ ಬಂದರು. "ನಂಗೆ ಗೊತ್ತಿರೋದು ಇಷ್ಟೇ ಸಂಗಮೇಶಣ್ಣ," ಎಂದರು ನನಗೆ. "ಒಬ್ರು ತಮ್ಮ ಮೈ ಬಗ್ಗೆ ಬೇಡ ಅಂದ್ರೆ ಬೇಡ. ಅದನ್ನ ಮೀರಿ ಯಾರಿಗೂ ಒಳ್ಳೇದು ಮಾಡೋಕಾಗಲ್ಲ."

ಅದೇ ಆಕೆಯ ವೇದಾಂತ. ನಮ್ಮ ಕ್ಲಾಸು ನಡೆಯುತ್ತಿದ್ದುದು ಸಮುದಾಯ ಭವನದ ಮಹಡಿಯಲ್ಲಿ. ಅದನ್ನು ಕೊಡಿಸಿದ್ದು ಭವನದ ಸಮಿತಿಯ ಅಧ್ಯಕ್ಷರಾದ ಪರಮಶಿವಪ್ಪನವರು. ಮೆಕ್ಕೆಜೋಳದ ವ್ಯಾಪಾರ ಮಾಡಿ ಈಗ ಮಗನಿಗೆ ಬಿಟ್ಟುಕೊಟ್ಟಿರುವ ಎಪ್ಪತ್ತೊಂದರ ಹಿರಿಯರು. ಅವರ ನೇಮ ಊರಿಗೇ ಗೊತ್ತು. ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಒಂದು ಗುಟುಕು ನೀರೂ ಗಂಟಲಿಗೆ ಇಳಿಸುವವರಲ್ಲ. ಎಂಟನೇ ವಯಸ್ಸಿನಲ್ಲಿ ಹಿಡಿದ ನೇಮ. ನಾನೂ ಲಿಂಗ ಕಟ್ಟಿಕೊಂಡವನೇ, ಆದರೆ ನನ್ನ ಮನೆಯಲ್ಲಿ ಕಾಫಿಗೆ ಮೊದಲ ಪಾಳಿ. ಅವರ ಮುಂದೆ ನಿಂತರೆ ನನಗೆ ಸ್ವಲ್ಪ ನಾಚಿಕೆಯೇ ಆಗುತ್ತಿತ್ತು.

ಕ್ಲಾಸಿಗೆ ಸೇರುವಾಗ ಪ್ರತಿಯೊಬ್ಬರೂ ಒಂದು ರಿಜಿಸ್ಟರಿನಲ್ಲಿ ತಮಗಿರುವ ಕಾಯಿಲೆ ಮತ್ತು ಮನೆಯವರ ಫೋನ್ ನಂಬರು ಬರೆಯಬೇಕು. ಕಾಯಿಲೆಯ ಕಾಲಮಿನಲ್ಲಿ ಪರಮಶಿವಪ್ಪ "ಇಲ್ಲ" ಎಂದು ಬರೆದಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು, ಅವರ ಪಾಲಿಸಿಯ ಅರ್ಜಿ ತುಂಬಿದವನು ನಾನೇ. ದೊಡ್ಡವರ ಗುಟ್ಟು ನನಗೇಕೆ ಎಂದು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದುದಕ್ಕೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಕಳೆದ ಡಿಸೆಂಬರಿನ ಒಂದು ಶನಿವಾರ. ಆರೂಮುಕ್ಕಾಲಿರಬಹುದು. ಚಳಿಗೆ ನಾವೆಲ್ಲ ಸ್ವೆಟರ್ ಬಿಚ್ಚದೆ ಪ್ರಾಣಾಯಾಮಕ್ಕೆ ಕೂತಿದ್ದೆವು. ಎಲ್ಲರೂ ಕಣ್ಣು ಮುಚ್ಚಿರುವಾಗ ಪರಮಶಿವಪ್ಪ ಎದ್ದು ತಮ್ಮ ಚಾಪೆ ಸುತ್ತತೊಡಗಿದರು. ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಲಾರಿ ಬಂತೇನ್ರೋ?" ಎಂದರು, ಯಾರನ್ನೂ ನೋಡದೆ.

ಗಂಗಾಶ್ರೀ ಎದ್ದು ಬಂದರು. "ಅಪ್ಪಾಜಿ, ಏನಾಗ್ತಿದೆ? ಕೈ ಮುಟ್ಲಾ?"

ಪರಮಶಿವಪ್ಪ ಆಕೆ ಚಾಚಿದ ಕೈಯನ್ನು ಜಾಡಿಸಿ, ಬಾಯಿಗೆ ಬಂದಂತೆ ಬೈದರು. ಎಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ಯಾರೂ ಕೇಳದ ಮಾತುಗಳವು. ಆಮೇಲೆ ಮೊಣಕಾಲು ಕುಸಿದು ಕೂತುಬಿಟ್ಟರು. ಹೃದಯಾಘಾತ ಎಂದರು ಯಾರೋ. ಬಟ್ಟೆ ಅಂಗಡಿಯ ಈಶ್ವರ್, ಕಾರು ತರುತ್ತೇನೆಂದು ಮೆಟ್ಟಿಲಿಳಿದು ಮನೆಯ ಕಡೆ ಓಡಿದರು. ಆಗ ನನ್ನ ಬಾಯಿ ಬಿಟ್ಟುಕೊಂಡಿತು. "ಮೇಡಂ, ಅವ್ರಿಗೆ ಶುಗರ್ ಐತಿ" ಎಂದೆ.

ಗಂಗಾಶ್ರೀ ನನ್ನನ್ನು ಒಂದು ಕ್ಷಣ ನೋಡಿದರು. ಆ ನೋಟಕ್ಕೆ ನಾನು ತಕ್ಕವನೇ ಆಗಿದ್ದೆ. ರಿಜಿಸ್ಟರಿನಿಂದ ನಂಬರು ಹುಡುಕಿ ಸೊಸೆ ಚೈತ್ರಶ್ರೀಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಚೈತ್ರಶ್ರೀ ತೊಗರ್ಸಿಯಲ್ಲಿ ಶಾಲಾ ಟೀಚರ್. ಶನಿವಾರ ಬೆಳಗಿನ ಶಾಲೆ, ಆಗಲೇ ಬಸ್ಸಿನಲ್ಲಿದ್ದಳು.

"ಮೇಡಂ, ಹದಿನೈದು ದಿನದಿಂದ ಇನ್ಸುಲಿನ್ ಶುರು ಮಾಡ್ಯಾರ. ದಿನಾ ಪೂಜೆ ಆದ್ಮೇಲೆ ಎಂಟು ಗಂಟೆಗೆ ಕೊಡ್ತಿದ್ದೆ, ಕೂಡ್ಲೇ ತಿಂಡಿ ತಿಂತಿದ್ರು. ಹೋದ ಎರಡು ಶನಿವಾರ ನಮ್ಮನೆಯವ್ರೇ ಕೊಟ್ಟಿದ್ರು. ಇವತ್ತು ಅವ್ರು ದಾವಣಗೆರೆಗೆ ಹೋಗ್ಯಾರ, ನಂಗೆ ಬಸ್ಸಿಗೆ ಹೊತ್ತಾಗ್ತದಂತ ಐದೂವರೆಗೇ ಕೊಟ್ಟೆ. ಇವತ್ತು ಯೋಗಕ್ಕೆ ಹೋಗಬ್ಯಾಡ್ರಿ ಮಾವ, ಸ್ನಾನ ಪೂಜೆ ಮುಗಿಸಿ ಇಡ್ಲಿ ತಿನ್ರಿ ಅಂದಿದ್ದೆ. ಹೂಂ ಅಂದಿದ್ರು. ಬಂದಾರೇನು ಅಲ್ಲಿಗೆ?"

ಈಗ ಎಲ್ಲವೂ ಅರ್ಥವಾಯಿತು. ಸೂಜಿಯ ಮದ್ದು ಒಂದು ಗಂಟೆಯಿಂದ ಖಾಲಿ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿತ್ತು, ಮೇಲೆ ನಮ್ಮ ಸೂರ್ಯನಮಸ್ಕಾರ ಬೇರೆ. ಮೈಯೊಳಗಿನ ಸಕ್ಕರೆ ತಳ ಮುಟ್ಟಿತ್ತು.

"ಸಕ್ಕರೆ ಬೇಕು. ಸಂಗಮೇಶಣ್ಣ, ಓಡಿ."

ನಾನು ಓಡಿ ಎಷ್ಟು ವರ್ಷವಾಗಿತ್ತೋ. ಬರಿಗಾಲಲ್ಲೇ ರಸ್ತೆ ದಾಟಿ ಮಾಸ್ತಪ್ಪನ ಚಹಾ ಅಂಗಡಿಗೆ ಹೋಗಿ, ಏನು ಎತ್ತ ಎಂದು ಹೇಳಲೂ ಉಸಿರಿಲ್ಲದೆ, ಡಬ್ಬಕ್ಕೇ ಕೈ ಹಾಕಿ ಲೋಟದ ತುಂಬ ಸಕ್ಕರೆ ತುಂಬಿಕೊಂಡು ಬಂದೆ. ಮೇಲೆ ಬರುವಷ್ಟರಲ್ಲಿ ಅಲ್ಲಿ ಬೇರೆಯೇ ಜಗಳ ಎದ್ದಿತ್ತು.

"ಲಿಂಗಪೂಜೆ ಆಗಿಲ್ಲವ್ವ ಅವರದು," ಎನ್ನುತ್ತಿದ್ದರು ರಾಜೇಶ್ವರಮ್ಮ. ನಮ್ಮ ಕ್ಲಾಸಿನ ಹಿರಿಯ ಹೆಂಗಸು, ಪರಮಶಿವಪ್ಪನವರ ದೂರದ ಸಂಬಂಧಿ. "ಅವರಿಗೆ ಟೈಫಾಯ್ಡ್ ಬಂದಾಗ್ಲೂ ತಪ್ಪಿಲ್ಲ. ಹೆಂಡತಿ ಹೋದ ದಿನಾನೂ ತಪ್ಪಿಲ್ಲ. ಎಚ್ಚರಾದ ಮ್ಯಾಲೆ ಏನಂತ ಹೇಳ್ತಿ ಅವರಿಗೆ?"

ಗಂಗಾಶ್ರೀ ನೆಲದ ಮೇಲೆ ಕೂತು ಅವರ ತಲೆಯನ್ನು ತೊಡೆಗೆ ಆನಿಸಿಕೊಂಡಿದ್ದರು. ಸಕ್ಕರೆಗೆ ನೀರು ಬೆರೆಸಿ ಕೈಗೆ ತೆಗೆದುಕೊಂಡರು. "ಅಪ್ಪಾಜಿ, ಸಕ್ಕರೆ ಹಾಕ್ತೀನಿ. ಬಾಯಿ ತೆಗೀರಿ."

"ಬ್ಯಾಡ" ಎಂದರು ಪರಮಶಿವಪ್ಪ. ಕೈ ಎದೆಯ ಮೇಲಿನ ಲಿಂಗವನ್ನು ತಡಕಿ ಹಿಡಿದುಕೊಂಡಿತು.

ನಾನು ಒಂದು ಉಪಾಯ ಹೇಳಿದೆ. ಹೇಗೋ ಲಿಂಗವನ್ನು ಅಂಗೈಯಲ್ಲಿಟ್ಟು ನೀರು ಬಿಟ್ಟರೆ ಪೂಜೆಯಾದಂತೆ ಅಲ್ಲವೇ ಎಂದು. ರಾಜೇಶ್ವರಮ್ಮ ಲಿಂಗವನ್ನು ತೆಗೆದು ಅವರ ಎಡ ಅಂಗೈಗೆ ಇಟ್ಟರು. ಬೆರಳುಗಳು ಮಡಚಲಿಲ್ಲ. ಅಂಗೈ ವಾಲಿತು, ಲಿಂಗ ಇನ್ನೇನು ನೆಲಕ್ಕೆ ಬೀಳಬೇಕು, ರಾಜೇಶ್ವರಮ್ಮ ಸೆರಗೊಡ್ಡಿ ಹಿಡಿದರು. ಹಿಡಿದವರು ಅಳುತ್ತಲೇ ಅದನ್ನು ಮತ್ತೆ ಅವರ ಕೊರಳಿಗೆ ಸೇರಿಸಿದರು. ಆ ಹೊತ್ತಿಗೆ ಎರಡು ನಿಮಿಷ ಹೋಗಿತ್ತು, ಪರಮಶಿವಪ್ಪನವರ ತುಟಿ ಬಿಳಿಚಿಕೊಂಡಿತ್ತು.

"ಅಪ್ಪಾಜಿ, ಬಾಯಿ ತೆಗೀರಿ."

"ಬ್ಯಾಡ."

ಗಂಗಾಶ್ರೀಯ ಮುಖ ನೋಡಬೇಕಿತ್ತು. ಹದಿನೈದು ವರ್ಷದಿಂದ ನಂಬಿಕೊಂಡು ಬಂದದ್ದು ಒಂದೇ ಮಾತು. ಆ ಮಾತನ್ನೇ ಈ ಮನುಷ್ಯ ಆಕೆಯ ತೊಡೆಯ ಮೇಲೆ ಮಲಗಿ ಹೇಳುತ್ತಿದ್ದ. ಇದು ಮಂಪರಿನ ಮಾತು, ಲೆಕ್ಕಕ್ಕಿಲ್ಲ ಎಂದು ನಾವೆಲ್ಲ ಸುಲಭವಾಗಿ ಅಂದುಬಿಡಬಹುದಿತ್ತು. ಆದರೆ ಎಚ್ಚರವಾಗಿದ್ದರೂ ಅವರು ಅದನ್ನೇ ಹೇಳುತ್ತಿದ್ದರು, ಅದು ನಮಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಈಶ್ವರ್ ಅವರ ಕಾರಿನ ಸುಳಿವಿರಲಿಲ್ಲ. ಹಾಕಿ ಮೇಡಂ, ಹಾಕಿ ಎಂದು ನನ್ನೊಳಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಹೊರಗೆ ಹೇಳುವ ಧೈರ್ಯವಿರಲಿಲ್ಲ.

ಮೂರನೇ ಸಲ ಕೇಳಿದಾಗ ದನಿ ಹೊರಡಲಿಲ್ಲ. ತುಟಿ ಮಾತ್ರ ಆಡಿತು. ಬ್ಯಾಡ.

"ಕೇಳಿಸ್ತು ಅಪ್ಪಾಜಿ," ಎಂದರು ಗಂಗಾಶ್ರೀ. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒದ್ದೆ ಸಕ್ಕರೆಯನ್ನು ಬೆರಳಿಗೆ ಮೆತ್ತಿಕೊಂಡು, ತುಟಿ ಸರಿಸಿ ಕೆನ್ನೆಯೊಳಗೆ ತಿಕ್ಕತೊಡಗಿದರು. ಪರಮಶಿವಪ್ಪ ಬೆರಳನ್ನು ಕಚ್ಚಿಹಿಡಿದರು. ರಕ್ತ ಬಂತು. ಆಕೆ ಬೆರಳು ತೆಗೆಯಲಿಲ್ಲ. ಹಲ್ಲು ಸಡಿಲವಾದಾಗ ಮತ್ತೆ ಸಕ್ಕರೆ, ಮತ್ತೆ ಸಕ್ಕರೆ. ನಾನು ಲೋಟ ಹಿಡಿದು ಪಕ್ಕದಲ್ಲೇ ಕೂತಿದ್ದೆ, ಅರ್ಧ ಸಕ್ಕರೆ ಚಾಪೆಯ ಮೇಲೆ ಚೆಲ್ಲಿತ್ತು.

ಹತ್ತು ನಿಮಿಷದ ಮೇಲೆ ಅವರು ಕಣ್ಣು ಬಿಟ್ಟು, "ಯಾಕ್ರೀ ಎಲ್ಲಾರೂ ನನ್ನ ಸುತ್ತ ನಿಂತೀರಿ?" ಎಂದರು. ಅಷ್ಟರಲ್ಲಿ ಕಾರು ಬಂತು. ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿದರು, ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ನಾವು ನಿಟ್ಟುಸಿರು ಬಿಟ್ಟೆವು. ಅಷ್ಟು ಬೇಗ ಬಿಡಬಾರದಾಗಿತ್ತು.

"ಬಾಯಿ ಸಿಹಿ ಐತಲ್ಲೋ," ಎಂದರು ಪರಮಶಿವಪ್ಪ ನನಗೆ. "ಯಾರು ಹಾಕಿದ್ರು?"

ಹೊರಗೆ ವರಾಂಡದಲ್ಲಿ ನಾವೆಲ್ಲ ಮೊದಲೇ ಮಾತಾಡಿಕೊಂಡಿದ್ದೆವು. ಬಲವಂತ ಮಾಡಿದ್ದು ಗೊತ್ತಾದರೆ ಭವನದ ಬಾಗಿಲು ಮೇಡಂಗೆ ಮುಚ್ಚಿದಂತೆ, ತಾಯಿ ಮಗಳು ಎಲ್ಲಿಗೆ ಹೋಗಬೇಕು? ಹಾಗಾಗಿ ನಾನು ಪಾಲಿಸಿ ಮಾರುವಾಗಿನ ನಗು ತಂದುಕೊಂಡು ಹೇಳಿದೆ. "ಮೇಡಂ ಕೇಳಿದ್ರು ಯಜಮಾನ್ರೇ. ನೀವೇ ಬಾಯಿ ತೆಗೆದ್ರಿ."

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಇಡೀ ದಿನ ಅನ್ನ ಮುಟ್ಟಲಿಲ್ಲ. ಸಂಜೆ ಪೂಜೆಗೆ ನೀರು ಇಟ್ಟ ಚೈತ್ರಶ್ರೀಗೆ "ಇನ್ನೆಂಥಾ ಪೂಜೆ, ತೆಗಿ ಅದನ್ನ" ಎಂದರಂತೆ. ಮರುದಿನ ಬೆಳಿಗ್ಗೆಯೂ ಅದೇ. ಡ್ರಿಪ್ಪಿನ ಮೇಲೆ ಎಷ್ಟು ದಿನ ಇಡಲು ಬರುತ್ತದೆ, ಈ ವಯಸ್ಸಿಗೆ ಇದು ಒಳ್ಳೆಯದಲ್ಲ ಎಂದು ಡಾಕ್ಟರು ಚೈತ್ರಶ್ರೀಯನ್ನು ಕರೆದು ಹೇಳಿದರು. ಅವಳು ಅಳುತ್ತ ಗಂಗಾಶ್ರೀಗೆ ಫೋನು ಮಾಡಿದಳು.

ಭಾನುವಾರ ಹತ್ತು ಗಂಟೆಗೆ ಗಂಗಾಶ್ರೀ ಬಂದರು. ಬೆರಳಿಗೆ ಪಟ್ಟಿ ಇತ್ತು. ನಾನು ಬಾಗಿಲಲ್ಲೇ ಅಡ್ಡ ನಿಂತು, ಕೇಳಿದರೆ ಬಾಗಿಲಿಗೆ ಸಿಕ್ಕಿತು ಎನ್ನಿ, ನಾವು ಹೇಳಿದ ಮಾತು ಬಿಡಬೇಡಿ ಎಂದು ಕೈಮುಗಿದೆ. ಆಕೆ ನನ್ನನ್ನು ದಾಟಿ ಒಳಗೆ ಹೋದರು.

"ಬೆರಳಿಗೇನಾತವ್ವ?" ಪರಮಶಿವಪ್ಪನವರ ದನಿಯಲ್ಲಿ ಜೀವವೇ ಇರಲಿಲ್ಲ.

"ನೀವು ಕಚ್ಚಿದ್ರಿ ಅಪ್ಪಾಜಿ."

ನಾನು ತಲೆ ತಗ್ಗಿಸಿದೆ. ಮುಗಿಯಿತು ಎಂದುಕೊಂಡೆ.

"ಇವ್ರೆಲ್ಲ ನೀವು ಬಾಯಿ ತೆಗೆದ್ರಿ ಅಂದ್ರಂತೆ. ಸುಳ್ಳು. ನಾನು ಮೂರು ಸಲ ಕೇಳಿದೆ, ಮೂರು ಸಲಾನೂ ಬೇಡ ಅಂದ್ರಿ. ಕೊನೇ ಸಲ ದನಿ ಇರ್ಲಿಲ್ಲ, ಆದ್ರೂ ಅಂದ್ರಿ. ನಂಗೆ ಕೇಳಿಸ್ತು. ಕೇಳಿಸಿಕೊಂಡೇ ಹಾಕಿದೆ. ತಪ್ಪು ನಂದು, ಭವನದ ಬೀಗದ ಕೈ ತಂದೀನಿ." ಆಕೆ ಬೀಗದ ಕೈಯನ್ನು ಮಂಚದ ಪಕ್ಕದ ಮೇಜಿನ ಮೇಲಿಟ್ಟರು.

ಪರಮಶಿವಪ್ಪ ಆ ಪಟ್ಟಿ ಕಟ್ಟಿದ ಬೆರಳನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಕಣ್ಣಿಂದ ನೀರು ಇಳಿಯಿತು.

"ಹಂಗಾದ್ರೆ ನಾನು ಬಾಯಿ ತೆಗೀಲಿಲ್ಲ," ಎಂದರು.

"ಇಲ್ಲ ಅಪ್ಪಾಜಿ."

"ನಿನ್ನೆಯಿಂದ ಒಂದೇ ಸಮ ಯೋಚನೆ. ಅರವತ್ತಮೂರು ವರ್ಷ ನಡೆಸಿದ್ದನ್ನ ಕಡೆಗೆ ಜೀವದಾಸೆಗೆ ನಾನೇ ಬಿಟ್ಟೆನಲ್ಲ ಅಂತ. ಸಾವು ಕಂಡ ಕೂಡ್ಲೆ ಬಾಯಿ ತೆರೆದೆನಲ್ಲ ಅಂತ." ಅವರು ನನ್ನ ಕಡೆ ತಿರುಗಿದರು. ಉಪಕಾರ ಮಾಡುತ್ತೇನೆಂದು ಹೋಗಿ ಆ ಮನುಷ್ಯನನ್ನು ಒಂದು ಹಗಲು ಒಂದು ರಾತ್ರಿ ಬೇಯಿಸಿದ್ದವನು ನಾನು.

ಚೈತ್ರಶ್ರೀ ನೀರು, ವಿಭೂತಿ, ಪತ್ರೆ ತಂದಿಟ್ಟಳು. ಪರಮಶಿವಪ್ಪ ಮಂಚದ ಮೇಲೆ ಎದ್ದು ಕೂತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ಈ ಸಲ ಬೆರಳು ಮಡಚಿದವು. ಪೂಜೆ ಮುಗಿಯುವವರೆಗೆ ಗಂಗಾಶ್ರೀ ಗೋಡೆಗೆ ಒರಗಿ ನಿಂತಿದ್ದರು. ಆಮೇಲೆ ಪರಮಶಿವಪ್ಪ ಸೊಸೆ ಕೊಟ್ಟ ಇಡ್ಲಿ ಮುರಿದು ಒಂದು ತುತ್ತು ಬಾಯಿಗಿಟ್ಟು, ಬೀಗದ ಕೈಯನ್ನು ಎತ್ತಿ ಆಕೆಯ ಮುಂದೆ ಹಿಡಿದರು.

"ಮತ್ತೊಂದ್ಸಲ ಹಿಂಗಾದ್ರೆ ಏನ್ ಮಾಡ್ತಿ?"

"ಮತ್ತೆ ಹಾಕ್ತೀನಿ ಅಪ್ಪಾಜಿ."

"ಹಾಕು," ಎಂದರು ಪರಮಶಿವಪ್ಪ. "ನಾನಂತೂ ಬ್ಯಾಡ ಅಂತೀನಿ."