ಮ್ಯಾನೇಜರರ ಕಪಾಟಿನ ಹಿಂದಿನ ತಂಪು

ನಾನು ಆಗ ಕಾರವಾರದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಹಾರವಾಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಕಚೇರಿಗೆಲ್ಲ ಒಂದೇ ದೊಡ್ಡ ಎ.ಸಿ. ಇದ್ದರೂ ಕೌಂಟರಿನ ಹಾಲ್‌ನಲ್ಲಿ ನಾವು ಬೆವರಿನಲ್ಲಿ ಮೀಯುತ್ತಿದ್ದೆವು. ಕಿಟಕಿಗಳು ತೆರೆಯಲು ಬಾರದ ಗಾಜು. ಮ್ಯಾನೇಜರರ ಕೋಣೆಯಲ್ಲಿ ಮಾತ್ರ ಮೈ ಜುಮ್ಮೆನ್ನುವ ತಂಪು.

ಒಂದು ಮೇ ತಿಂಗಳಲ್ಲಿ, ಸರದಿಯಲ್ಲಿದ್ದ ಮೀನು ಮಾರುವ ಮುದುಕಿಯೊಬ್ಬಳು ಸೆಕೆ ತಾಳದೆ ಕುಸಿದಳು. ನೀರು ಚಿಮುಕಿಸಿ ಎಬ್ಬಿಸಿ, ನೇರ ಮ್ಯಾನೇಜರರ ಬಳಿ ಹೋಗಿ ಜಗಳ ಕಾದೆ. ಅವರು ಹಾಲ್‌ಗೆ ಬಂದು ಎಲ್ಲರಿಗೂ ಕೇಳುವಂತೆ ನನಗೆ ಹೇಳಿದರು:

“ಎ.ಸಿ. ಸಮಾ ಅದೆ, ಬಾಯಿ. ನಿಮ್ದು ವಯಸ್ಸಿನ ಸೆಕೆ. ಡಾಕ್ಟರಿಗೆ ತೋರ್ಸ್ಕಳಿ.”

ಗಂಡಸರೆಲ್ಲ ನಕ್ಕರು. ನನಗಾಗ ನಲವತ್ತೆಂಟು. ಮನೆ ಮುಟ್ಟುವವರೆಗೂ ಯೋಚಿಸಿದ್ದು ಒಂದೇ: ಈ ಮನುಷ್ಯ ಇದೇ ಜನರೆದುರು ತಲೆ ತಗ್ಗಿಸಬೇಕು.

ಮರುದಿನವೇ ಗೋಡೆಗೆ ತೂಗುಹಾಕುವ ಥರ್ಮಾಮೀಟರು ಕೊಂಡೆ. ಹಾಲ್‌ನ ಸೆಕೆ ಎಷ್ಟು ಎಂದು ದಿನಾ ಕ್ಯಾಲೆಂಡರಿನ ಚೌಕದಲ್ಲಿ ಬರೆದೆ. ಸಹಿ ಮಾಡಿಸಲು ಹೋಗುವಾಗ ಥರ್ಮಾಮೀಟರನ್ನು ಫೈಲುಗಳ ನಡುವೆ ಇಟ್ಟುಕೊಂಡು ಹೋಗಿ ಮ್ಯಾನೇಜರರ ಕೋಣೆಯದನ್ನೂ ಬರೆದೆ.

ಮಳೆಗಾಲ ಕಳೆದ ಮೇಲೆ, ಕರೆಂಟು ಇಷ್ಟೇಕೆ ಖರ್ಚಾಗುತ್ತಿದೆ ಎಂದು ಆಡಳಿತ ಮಂಡಳಿಯವರು ಹುಬ್ಬಳ್ಳಿಯಿಂದ ಒಬ್ಬ ಎಂಜಿನಿಯರರನ್ನು ಕರೆಸಿದರು. ಮ್ಯಾನೇಜರರು ಹೊಸ ಎ.ಸಿ. ಕೇಳಿದರು.

“ಹೊಸಾದು ಬ್ಯಾಡ್ರಿ,” ಎಂದರು ಎಂಜಿನಿಯರರು. “ಇದ್ದದ್ದು ಹೆಂಗ ಓಡಬೇಕಿತ್ತೋ ಹಂಗ ಓಡ್ತದೇನು, ಮೊದ್ಲ ಅದನ್ನ ನೋಡೂಣು.”

ಎರಡು ದಿನ ಏಣಿ ಹತ್ತಿ ಇಳಿದು ಕೊಳವೆ, ಫ್ಯಾನು, ಗಾಳಿ ಬರುವ ಜಾಲರಿ ಎಲ್ಲವನ್ನೂ ಪರೀಕ್ಷಿಸಿದರು. ಯಂತ್ರದ ಗಡಿಯಾರ ತಪ್ಪಿತ್ತು. ನಾವು ಮನೆಗೆ ಹೋದ ಮೇಲೂ ಅದು ಖಾಲಿ ಕಚೇರಿಯಲ್ಲಿ ಓಡುತ್ತಿತ್ತು. ನಾನು ಕ್ಯಾಲೆಂಡರಿನ ಹಾಳೆಗಳನ್ನು ಕೈಗಿಟ್ಟಾಗ ಅವರ ಹುಬ್ಬು ಮೇಲೇರಿತು.

“ಮ್ಯಾನೇಜರ್ರ ಕೋಣಿ ಮೊದ್ಲಿಂದ ಇತ್ತೇನ್ರಿ?”

“ಇಲ್ಲ. ಈ ಸಾಯೇಬ್ರು ಬಂದ್ಮೇಲೆ ಹಲಗೆ ಹೊಡ್ಸಿ ಮಾಡ್ಸಿದ್ದು.”

ಅವರು ಒಳಗೆ ಹೋಗಿ ಕಪಾಟು ಸರಿಸಿದರು. ಹಿಂದಿನ ಗೋಡೆಯಲ್ಲಿ, ಸೆಕೆ ಅಳೆದು ಎ.ಸಿ. ನಡೆಸುವ, ಹಾಲ್‌ಗೆಲ್ಲ ಇದ್ದ ಒಂದೇ ಥರ್ಮೋಸ್ಟಾಟ್! ಆ ಸಣ್ಣ ಕೋಣೆ ತಣ್ಣಗಾದೊಡನೆ ಇಡೀ ಹಾಲ್ ತಣ್ಣಗಾಯಿತೆಂದು ತಿಳಿದು ಅದು ತಂಪನ್ನು ನಿಲ್ಲಿಸುತ್ತಿತ್ತು.

“ವರದಿಯೊಳಗ ಬರೀತೇನ್ರಿ,” ಎಂದರು.

“ಬರೀರಿ. ಅದ್ಕೂ ಮೊದ್ಲು ಹಾಲ್‌ಗೆ ಬಂದು ಹೇಳಿ. ಎಲ್ರಿಗೂ ಕೇಳ್ಲಿ.”

ಅವರು ಹೇಳಿದರು. ಹಾಲ್ ತುಂಬ ಗಿರಾಕಿಗಳಿದ್ದರು. ಮ್ಯಾನೇಜರರು ಬಾಗಿಲಲ್ಲೇ ನಿಂತಿದ್ದರು. ನಾನು ದನಿ ಏರಿಸಿ ಕೇಳಿದೆ: “ಹಂಗಾರೆ ನಮ್ಮೆಲ್ಲರ ತಂಪು ಇವ್ರ ಕಪಾಟಿನ ಹಿಂದೆ ಇತ್ತು?”

“ಹೌದ್ರಿ.”

ಮೇ ತಿಂಗಳಲ್ಲಿ ನನ್ನನ್ನು ನೋಡಿ ನಕ್ಕಿದ್ದವರೇ ಈಗ ಮ್ಯಾನೇಜರರನ್ನು ನೋಡಿ ನಕ್ಕರು. ಅವರ ಕಿವಿ ಕೆಂಪಾದದ್ದು ಕೌಂಟರಿನಿಂದಲೇ ಕಾಣಿಸಿತು. ಅಷ್ಟು ಸಾಕಿತ್ತೇನೋ. ನನಗೆ ಸಾಲಲಿಲ್ಲ.

ಥರ್ಮೋಸ್ಟಾಟು ನನ್ನ ಕೌಂಟರಿನ ಪಕ್ಕದ ಕಂಬಕ್ಕೆ ಬಂತು, ಹಾಲ್ ತಂಪಾಯಿತು, ಕರೆಂಟ್ ಬಿಲ್ಲೂ ಇಳಿಯಿತು. ಮ್ಯಾನೇಜರರ ಕೋಣೆಯ ಜಾಲರಿಯನ್ನು ಮಾತ್ರ, ರಿಪೇರಿಗೆ ನಾನೇ ಕರೆಸುತ್ತಿದ್ದ ಎಲೆಕ್ಟ್ರಿಷಿಯನ್ನು ತೀರಾ ಕಿರಿದು ಮಾಡಿಬಿಟ್ಟಿದ್ದ. ಒಂದು ಮಧ್ಯಾಹ್ನ ಅವರೇ ಬಂದು ಮೆಲ್ಲಗೆ ಅಂದರು: “ಬಾಯಿ, ಒಳಗೆ ಸೆಕೆಗೆ ಕೂರೂಕಾಗುದಿಲ್ಲ. ಎಲೆಕ್ಟ್ರಿಷಿಯನ್ನಿಗೆ ಸ್ವಲ್ಪ ಹೇಳ್ತ್ರಾ?”

“ಹೇಳ್ತೆ,” ಎಂದೆ. ಮೂರು ವಾರ ಹೇಳಲಿಲ್ಲ. ಪ್ರತಿದಿನ ಅವರು ಕರವಸ್ತ್ರ ತೆಗೆಯುವುದನ್ನು ಕಣ್ತುಂಬ ನೋಡಿದೆ.

ಮರುವರ್ಷ ಅವರಿಗೆ ಅಂಕೋಲೆಗೆ ವರ್ಗವಾಯಿತು. ಬೀಳ್ಕೊಡುವ ದಿನ ಎಲ್ಲರೂ ಹಾರ ಹಿಡಿದು ಸಾಲು ನಿಂತರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.